ಪರದೇಶಿಯ ಕೈಯ ಕಂಚು: ಕಾರ್ಲೊ ಮರೊಕೆಟ್ಟಿಯ ಸಾರ್ವಜನಿಕ ಪ್ರತಿಮೆಗಳು

(ಶಿಲ್ಪಕಲಾ ದತ್ತಿ ಉಪನ್ಯಾಸದ ಪಠ್ಯ)



ನಾಲ್ಕು ದಾರಿ ಕೂಡುವಲ್ಲಿ ನಿಂತ ಯಾವುದೇ ಪ್ರತಿಮೆಯ ಹಿಂದೆ ಮೂರು ಬಗೆಯ ಜನ ಇರುತ್ತಾರೆ. ಪ್ರತಿಮೆಯಾದವರು, ಅದಕ್ಕೆ ಹಣ ಕೊಟ್ಟವರು, ಅದನ್ನು ಮಾಡಿದವರು. ಮೊದಲನೆಯವರ ಹೆಸರು ಪೀಠದ ಮೇಲೆ ದೊಡ್ಡ ಅಕ್ಷರದಲ್ಲಿರುತ್ತದೆ. ಎರಡನೆಯವರ ಹೆಸರು ಉದ್ಘಾಟನೆಯ ಫಲಕದಲ್ಲಿ ಬರುತ್ತದೆ. ಮೂರನೆಯವರನ್ನು ಕೇಳುವವರೇ ಕಡಿಮೆ. ಇಂದಿನ ಮಾತು ಆ ಮೂರನೆಯ ಸಾಲಿನ ಒಬ್ಬನ ಬಗ್ಗೆ. ಅವನು ಟ್ಯೂರಿನ್‌ನಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಬೆಳೆದು, ಲಂಡನ್‌ನಲ್ಲಿ ಹೆಸರು ಮಾಡಿದ ಕಾರ್ಲೊ ಮರೊಕೆಟ್ಟಿ. ಅವನ ಒಂದು ಕೆಲಸ ಬೆಂಗಳೂರಿನಲ್ಲಿದೆ. ಕೊಡಗಿನ ಒಬ್ಬ ರಾಜಕುಮಾರಿಯ ಮುಖವನ್ನೂ ಅವನೇ ಅಮೃತಶಿಲೆಯಲ್ಲಿ ಕಡೆದ. ಕನ್ನಡ ನಾಡಿನಲ್ಲಿ ನಿಂತು ಅವನ ಬಗ್ಗೆ ಮಾತಾಡಲು ಇಷ್ಟು ಸಾಕು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ತನ್ನದಲ್ಲದ ನಾಡಿಗೆ, ತನ್ನವರಲ್ಲದ ವೀರರನ್ನು ಎರಕ ಹೊಯ್ದುಕೊಟ್ಟ ಶಿಲ್ಪಿಯ ಬದುಕನ್ನು ಹಿಂಬಾಲಿಸಿದರೆ ಪ್ರತಿಮೆ ಎಂಬುದರ ಒಳಗುಟ್ಟು ತಿಳಿಯುತ್ತದೆ. ಸ್ಥಳೀಯ ಶಿಲ್ಪಿ ಊರ ಹಿರಿಯನ ಪ್ರತಿಮೆ ಮಾಡಿದಾಗ ಅಲ್ಲಿ ಭಕ್ತಿ ಎಷ್ಟು, ವ್ಯವಹಾರ ಎಷ್ಟು, ರಾಜಕಾರಣ ಎಷ್ಟು ಎಂದು ಬಿಡಿಸಿ ನೋಡುವುದು ಕಷ್ಟ. ವಲಸೆ ಬಂದವನ ವಿಷಯದಲ್ಲಿ ಭಕ್ತಿಯ ಲೆಕ್ಕ ಮೊದಲೇ ಹೊರಗಾಗುತ್ತದೆ. ಉಳಿದ ಎರಡು ಬರಿಗಣ್ಣಿಗೆ ಕಾಣುತ್ತವೆ.

ಟ್ಯೂರಿನ್, ಪ್ಯಾರಿಸ್

ಮರೊಕೆಟ್ಟಿ ಹುಟ್ಟಿದ್ದು 1805ರಲ್ಲಿ. ಆಗ ಟ್ಯೂರಿನ್ ನೆಪೋಲಿಯನ್‌ನ ಫ್ರಾನ್ಸಿಗೆ ಸೇರಿಹೋಗಿತ್ತು. ಹಾಗಾಗಿ ಇಟಲಿಯ ಊರಿನಲ್ಲಿ ಹುಟ್ಟಿದ ಈ ಮಗು ಕಾಗದದ ಮೇಲೆ ಫ್ರೆಂಚ್ ಪ್ರಜೆ. ತಂದೆ ವಕೀಲ, ಕುಟುಂಬ ಪ್ಯಾರಿಸ್ಸಿಗೆ ಹೋಗಿ ನೆಲೆಸಿತು. ಹುಡುಗ ಶಿಲ್ಪಿ ಬೊಸಿಯೊನ ಬಳಿ ಕಲಿತ. ನೆಪೋಲಿಯನ್ ಬಿದ್ದ ಮೇಲೆ ಟ್ಯೂರಿನ್ ಮತ್ತೆ ಸವೋಯ್ ರಾಜಮನೆತನದ ಕೈಗೆ ಹೋಯಿತು. ಮರೊಕೆಟ್ಟಿ ಕದಲಲಿಲ್ಲ, ಗಡಿ ಅವನನ್ನು ದಾಟಿ ಹೋಯಿತು. 1841ರಲ್ಲಿ ಅವನು ವಿಧಿವತ್ತಾಗಿ ಫ್ರೆಂಚ್ ಪೌರತ್ವ ಪಡೆಯಬೇಕಾಯಿತು.

1830ರ ಕ್ರಾಂತಿಯಲ್ಲಿ ಲೂಯಿ ಫಿಲಿಪ್ ಫ್ರಾನ್ಸಿನ ದೊರೆಯಾದ. ಅರ್ಧಕ್ಕೆ ನಿಂತಿದ್ದ ಪ್ಯಾರಿಸ್‌ನ ವಿಜಯ ಕಮಾನಿನ ಕೆಲಸ ಮತ್ತೆ ಶುರುವಾಯಿತು. ಅದರ ಮೇಲಿನ ಉಬ್ಬುಶಿಲ್ಪಗಳಲ್ಲಿ ಜೆಮಾಪ್ ಕದನದ ದೃಶ್ಯ ಮರೊಕೆಟ್ಟಿಯ ಪಾಲಿಗೆ ಬಂತು. 1792ರ ಆ ಕದನದಲ್ಲಿ ತರುಣ ಲೂಯಿ ಫಿಲಿಪ್ ಸ್ವತಃ ಕಾದಿದ್ದ. ದೊರೆಯ ಯೌವನದ ಹೆಮ್ಮೆಯನ್ನು ಕಲ್ಲಿನಲ್ಲಿ ಕಡೆಯುವ ಕೆಲಸ ಸಿಕ್ಕಿತೆಂದರೆ ಅರಮನೆಯ ಬಾಗಿಲು ತೆರೆಯಿತೆಂದೇ ಅರ್ಥ. ಮುಂದೆ ಮದ್ಲೆನ್ ಚರ್ಚಿನ ಪ್ರಧಾನ ಪೀಠದ ದೊಡ್ಡ ಶಿಲ್ಪಸಮೂಹವೂ ಅವನಿಗೇ ಸಿಕ್ಕಿತು.

ಅವನ ಹೆಸರನ್ನು ಯುರೋಪಿನಲ್ಲೆಲ್ಲ ಹಬ್ಬಿಸಿದ್ದು ಮಾತ್ರ ಹುಟ್ಟೂರಿಗಾಗಿ ಮಾಡಿದ ಕಂಚಿನ ಕುದುರೆ ಸವಾರ. ಟ್ಯೂರಿನ್‌ನ ಸಾನ್ ಕಾರ್ಲೊ ಚೌಕದಲ್ಲಿ 1838ರಲ್ಲಿ ನಿಂತ ಈ ಪ್ರತಿಮೆ ಸವೋಯ್‌ನ ಡ್ಯೂಕ್ ಎಮಾನುಯೆಲೆ ಫಿಲಿಬೆರ್ತೊನದು. 1557ರಲ್ಲಿ ಸೇಂಟ್ ಕ್ವಾಂಟಿನ್ ಬಳಿ ಫ್ರೆಂಚ್ ಸೈನ್ಯವನ್ನೇ ಸೋಲಿಸಿದವನು ಅವನು. ಪ್ರತಿಮೆ ಟ್ಯೂರಿನ್ನಿಗೆ ಹೊರಡುವ ಮೊದಲು ಎಲ್ಲಿ ಪ್ರದರ್ಶನಕ್ಕಿತ್ತು ಗೊತ್ತೇ? ಪ್ಯಾರಿಸ್‌ನ ಲೂವ್ರ್ ಅಂಗಳದಲ್ಲಿ. ಫ್ರೆಂಚರನ್ನು ಸೋಲಿಸಿದವನನ್ನು ಫ್ರೆಂಚರೇ ಸುತ್ತ ನಿಂತು ಮೆಚ್ಚಿದರು.

ಆ ಮೆಚ್ಚುಗೆಗೆ ಕಾರಣ ಶಿಲ್ಪಿ ಆರಿಸಿಕೊಂಡ ಗಳಿಗೆ. ಡ್ಯೂಕ್ ಕತ್ತಿ ಎತ್ತಿಲ್ಲ. ಕದನ ಮುಗಿಸಿ ಒರೆಗೆ ಸೇರಿಸುತ್ತಿದ್ದಾನೆ. ಕುದುರೆಗೆ ಮಾತ್ರ ಯುದ್ಧದ ಬಿಸಿ ಇನ್ನೂ ಇಳಿದಿಲ್ಲ. ಸವಾರ ಅದರ ಕಡಿವಾಣ ಎಳೆದು ಹಿಡಿದಿದ್ದಾನೆ. ಗೆದ್ದವರಿಗೆ ಇದು ಗೆಲುವು, ಸೋತವರಿಗೆ ಶಾಂತಿ. ಎರಡು ನಾಡಿನ ನಡುವೆ ಬದುಕಿದವನಿಗೆ ಮಾತ್ರ ಹೊಳೆಯಬಹುದಾದ ಉಪಾಯ ಇದು ಎಂದು ನನಗೆ ಅನಿಸುತ್ತದೆ. ಟ್ಯೂರಿನ್ ಆಳುತ್ತಿದ್ದ ಸಾರ್ಡಿನಿಯದ ದೊರೆ ಕಾರ್ಲೊ ಆಲ್ಬರ್ಟೊ ಅವನಿಗೆ ಬ್ಯಾರನ್ ಪದವಿ ಕೊಟ್ಟ. ಟ್ಯೂರಿನ್ನಿನ ಜನ ಡ್ಯೂಕನ ಹೆಸರನ್ನು ಪಕ್ಕಕ್ಕಿಟ್ಟು ಪ್ರತಿಮೆಯನ್ನು ಕಂಚಿನ ಕುದುರೆ ಎಂದೇ ಕರೆಯತೊಡಗಿದರು; ಇವತ್ತಿಗೂ ಹಾಗೇ ಕರೆಯುತ್ತಾರೆ.

ಕುದುರೆಯ ಕಷ್ಟ

ಇಲ್ಲಿ ವಿದ್ಯಾರ್ಥಿಗಳಿಗಾಗಿ ಕಸುಬಿನ ಮಾತು ಸ್ವಲ್ಪ. ನಮ್ಮ ಪಂಚಲೋಹದ ಉತ್ಸವಮೂರ್ತಿಗಳನ್ನು ಮೇಣದ ಅಚ್ಚಿನಿಂದ ಇಡಿಯಾಗಿ ಎರಕ ಹೊಯ್ಯುತ್ತಾರೆ. ಆಳೆತ್ತರಕ್ಕಿಂತ ದೊಡ್ಡ ಸವಾರನನ್ನು ಹಾಗೆ ಗಟ್ಟಿಯಾಗಿ ಹೊಯ್ದರೆ ಅದರ ಭಾರವನ್ನು ಅದರದೇ ಕಾಲು ತಡೆಯದು. ಕಬ್ಬಿಣದ ಸಲಾಕೆಗಳ ಹಂದರಕ್ಕೆ ಜೇಡಿಮಣ್ಣು ಮೆತ್ತಿ ಪೂರ್ಣ ಗಾತ್ರದ ಮಾದರಿ ಮಾಡಬೇಕು. ಅದರಿಂದ ಪ್ಲಾಸ್ಟರಿನ ಅಚ್ಚು ತೆಗೆಯಬೇಕು. ಅಚ್ಚನ್ನು ಭಾಗ ಮಾಡಿ ತಲೆ, ಮುಂಡ, ಬಾಲ ಎಂದು ಬೇರೆಬೇರೆಯಾಗಿ, ಒಳಗೆ ಪೊಳ್ಳಾಗಿ ಎರಕ ಹೊಯ್ಯಬೇಕು. ಬಳಿಕ ಬೆಸೆದು, ಬೆಸುಗೆ ಕಾಣದಂತೆ ಉಳಿಯಿಂದ ತಿದ್ದಬೇಕು. ಕುದುರೆ ಒಂದು ಕಾಲೆತ್ತಿದರೆ ಅಷ್ಟೂ ಭಾರ ಮೂರು ತೆಳು ಕಾಲುಗಳ ಮೇಲೆ. ಎಲ್ಲೋ ಒಂದು ಗುಳ್ಳೆ ಬಂದರೆ ವರ್ಷಗಳ ಕೆಲಸ ಹಾಳು.

ಬಹುತೇಕ ಶಿಲ್ಪಿಗಳು ಮಣ್ಣಿನ ಮಾದರಿ ಮಾಡಿ ಎರಕದವರ ಕೈಗೆ ಒಪ್ಪಿಸುತ್ತಿದ್ದರು. ಮರೊಕೆಟ್ಟಿ ಎರಕವನ್ನೂ ತಾನೇ ಕಲಿತ. ಲಂಡನ್ನಿಗೆ ಬಂದ ಮೇಲೆ ಆನ್ಸ್‌ಲೊ ಚೌಕದ ತನ್ನ ಮನೆಯ ಹಿಂದೆ ಸ್ವಂತ ಎರಕಶಾಲೆ ನಡೆಸಿದ. ಟ್ರಫಾಲ್ಗರ್ ಚೌಕದಲ್ಲಿ ನೆಲ್ಸನ್ ಕಂಬದ ಬುಡದಲ್ಲಿ 1867ರಿಂದ ಮಲಗಿರುವ ನಾಲ್ಕು ಸಿಂಹಗಳ ಕಲ್ಪನೆ ಚಿತ್ರಕಾರ ಲ್ಯಾಂಡ್‌ಸೀರ್‌ನದು. ಅವು ಕಂಚಾದದ್ದು ಮರೊಕೆಟ್ಟಿಯ ಕುಲುಮೆಯಲ್ಲಿ. ಹೊಸ ನಾಡಿನಲ್ಲಿ ಬಂಧುಬಳಗವಿಲ್ಲದವನಿಗೆ ಇಂಥ ಕೈಗಸುಬೇ ಆಸ್ತಿ.

ಗ್ಲಾಸ್ಗೊ: ಶತ್ರುವಿನ ಶಿಲ್ಪಿ

ಇಂಗ್ಲೆಂಡಿಗೆ ವಲಸೆ ಹೋಗುವ ಮೊದಲೇ ಅವನಿಗೆ ಸ್ಕಾಟ್ಲೆಂಡಿನಿಂದ ದೊಡ್ಡ ಕೆಲಸ ಬಂತು. ಗ್ಲಾಸ್ಗೊ ನಗರದವರು ಚಂದಾ ಎತ್ತಿ ಡ್ಯೂಕ್ ಆಫ್ ವೆಲ್ಲಿಂಗ್ಟನ್‌ನ ಕುದುರೆ ಪ್ರತಿಮೆ ಮಾಡಿಸಲು ನಿಶ್ಚಯಿಸಿದರು. ವಾಟರ್ಲೂವಿನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ವೀರನ ಪ್ರತಿಮೆಯನ್ನು ಪ್ಯಾರಿಸ್‌ನಿಂದ ಬರುವ ಶಿಲ್ಪಿಗೆ ವಹಿಸುವುದೇ? ನಮ್ಮ ಶಿಲ್ಪಿಗಳೆಲ್ಲ ಸತ್ತರೇ? ಪತ್ರಿಕೆಗಳಲ್ಲಿ ಜಗಳವೋ ಜಗಳ. ಅದೇ ವರ್ಷಗಳಲ್ಲಿ ಪ್ಯಾರಿಸ್‌ನಲ್ಲಿ ನೆಪೋಲಿಯನ್‌ನ ಸಮಾಧಿಗೂ ಮರೊಕೆಟ್ಟಿ ವಿನ್ಯಾಸ ಮಾಡುತ್ತಿದ್ದ! ಆ ಕೆಲಸ ಕೊನೆಗೆ ವಾಸ್ತುಶಿಲ್ಪಿ ವಿಸ್ಕೊಂತಿಯ ಪಾಲಾಯಿತು. ಸೋತವನ ಗೋರಿ, ಗೆದ್ದವನ ಕುದುರೆ, ಎರಡೂ ಒಂದೇ ಮೇಜಿನ ಮೇಲೆ.

1844ರಲ್ಲಿ ವೆಲ್ಲಿಂಗ್ಟನ್ ಪ್ರತಿಮೆ ಗ್ಲಾಸ್ಗೊದ ರಾಯಲ್ ಎಕ್ಸ್‌ಚೇಂಜ್ ಎದುರು ನಿಂತಿತು. ಪೀಠದ ಉಬ್ಬುಫಲಕಗಳಲ್ಲಿ ವಾಟರ್ಲೂ ಜೊತೆಗೆ 1803ರಲ್ಲಿ ಮರಾಠರ ವಿರುದ್ಧ ನಡೆದ ಅಸ್ಸಾಯೆ ಕದನವೂ ಇದೆ. ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಈ ವೆಲ್ಲಿಂಗ್ಟನ್ ಎಂಬುದನ್ನು ನಾವು ಮರೆಯಬಾರದು. ಮರೊಕೆಟ್ಟಿಯ ಕೈ ನಮ್ಮ ಚರಿತ್ರೆಯ ಅಂಚನ್ನು ಮುಟ್ಟಿದ್ದು ಇಲ್ಲಿಂದ.

ಲಂಡನ್

1848ರಲ್ಲಿ ಮತ್ತೊಂದು ಕ್ರಾಂತಿ. ಲೂಯಿ ಫಿಲಿಪ್ ಸಿಂಹಾಸನ ಬಿಟ್ಟು ಇಂಗ್ಲೆಂಡಿಗೆ ಓಡಿದ. ಅವನ ಆಶ್ರಯದಲ್ಲಿದ್ದ ಮರೊಕೆಟ್ಟಿಯೂ ಲಂಡನ್ ಸೇರಿದ. ವಯಸ್ಸು ನಲವತ್ತಮೂರು. ಆ ವಯಸ್ಸಿನಲ್ಲಿ ಹೊಸ ಭಾಷೆ, ಹೊಸ ಪೇಟೆ. ವಿಕ್ಟೋರಿಯಾ ರಾಣಿಗೂ ಅವಳ ಪತಿ ಆಲ್ಬರ್ಟ್‌ಗೂ ಅವನ ಕೆಲಸ ಹಿಡಿಸಿತು. ಆಲ್ಬರ್ಟ್ ಸ್ವತಃ ಜರ್ಮನಿಯಿಂದ ಬಂದವನು. ಹೊರಗಿನವನೆಂಬ ಮಾತು ಕೇಳುತ್ತಲೇ ಬದುಕಿದವನು.

1851ರ ಮಹಾ ಪ್ರದರ್ಶನದಲ್ಲಿ ಗಾಜಿನ ಅರಮನೆಯ ಹೊರಗೆ ಮರೊಕೆಟ್ಟಿ ಒಂದು ಬೃಹತ್ ಮಾದರಿ ನಿಲ್ಲಿಸಿದ. ಕತ್ತಿ ಎತ್ತಿ ಹಿಡಿದ ಸಿಂಹಹೃದಯದ ರಿಚರ್ಡ್. ನೋಡಿದವರು ಮರುಳಾದರು, ವಿಮರ್ಶಕರು ಹರಿಹಾಯ್ದರು. ನಾಟಕೀಯ, ಅಬ್ಬರದ್ದು, ಇಂಗ್ಲಿಷ್ ಅಭಿರುಚಿಗೆ ಹೊಂದದ್ದು ಎಂದರು. ತಮಾಷೆ ಏನೆಂದರೆ, ಇಂಗ್ಲೆಂಡಿನ ವೀರನೆಂದು ಮೆರೆಸಲಾದ ರಿಚರ್ಡ್ ತನ್ನ ಹತ್ತು ವರ್ಷದ ಆಳ್ವಿಕೆಯಲ್ಲಿ ಆ ನೆಲದ ಮೇಲೆ ಇದ್ದದ್ದು ಆರು ತಿಂಗಳ ಆಸುಪಾಸು. ಪರಕೀಯ ಶಿಲ್ಪಿ ಎಂದು ಹೀಗಳೆದವರಿಗೆ ಪ್ರತಿಮೆಯಲ್ಲಿದ್ದವನೂ ಅರೆ ಪರಕೀಯನೆಂಬುದು ನೆನಪಾಗಲಿಲ್ಲ. 1860ರಲ್ಲಿ ಕಂಚಿನ ರಿಚರ್ಡ್ ಪಾರ್ಲಿಮೆಂಟ್ ಕಟ್ಟಡದ ಪಕ್ಕ ನಿಂತ. 1940ರ ಬಾಂಬ್ ದಾಳಿಯಲ್ಲಿ ಅವನ ಕತ್ತಿ ಬಾಗಿತು, ಮುರಿಯಲಿಲ್ಲ. ಬಾಗಿದ ಕತ್ತಿಯನ್ನೇ ಬ್ರಿಟನ್ ತನ್ನ ಕೆಚ್ಚಿನ ಗುರುತೆಂದು ಹೇಳಿಕೊಂಡಿತು.

ಎಲ್ಲವೂ ಗೆಲುವಾಗಲಿಲ್ಲ. ಪ್ರಧಾನಿಯಾಗಿದ್ದ ರಾಬರ್ಟ್ ಪೀಲ್‌ಗಾಗಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅವನು ಮಾಡಿದ ಪ್ರತಿಮೆ ಯಾರಿಗೂ ಹಿಡಿಸದೆ ಕೊನೆಗೆ ಕರಗಿಹೋಯಿತು. ರೈಲು ಹಾದಿಗಳ ಮೂವರು ಮಹಾ ಎಂಜಿನಿಯರುಗಳಾದ ಬ್ರುನೆಲ್, ಸ್ಟೀಫನ್‌ಸನ್, ಲಾಕ್ ಇವರ ಪ್ರತಿಮೆಗಳನ್ನು ಪಾರ್ಲಿಮೆಂಟ್ ಹತ್ತಿರ ಒಟ್ಟಿಗೆ ನಿಲ್ಲಿಸುವ ಯೋಜನೆಯಿತ್ತು. ಜಾಗ ಸಿಗಲಿಲ್ಲ. ಬ್ರುನೆಲ್ ಥೇಮ್ಸ್ ದಂಡೆಗೆ ಹೋದ, ಸ್ಟೀಫನ್‌ಸನ್ ಯೂಸ್ಟನ್ ನಿಲ್ದಾಣಕ್ಕೆ, ಲಾಕ್ ಬಾರ್ನ್ಸ್ಲಿ ಊರಿಗೆ. ಆಲ್ಬರ್ಟ್ ತೀರಿಕೊಂಡ ಮೇಲೆ ಲಂಡನ್‌ನ ಆಲ್ಬರ್ಟ್ ಸ್ಮಾರಕದ ನಡುವಿನ ಮೂರ್ತಿಗೆ ರಾಣಿ ಆರಿಸಿದ್ದು ಮರೊಕೆಟ್ಟಿಯನ್ನೇ. ಅವನ ಮಾದರಿ ಒಪ್ಪಿಗೆಯಾಗಲಿಲ್ಲ. ತಿದ್ದುತ್ತಿರುವಾಗಲೇ, 1867ರ ಡಿಸೆಂಬರಿನಲ್ಲಿ, ಅವನು ಪ್ಯಾರಿಸ್‌ನ ಪಾಸಿಯಲ್ಲಿ ಸತ್ತ. ಕೆಲಸ ಐರ್ಲೆಂಡಿನಿಂದ ಬಂದ ಜಾನ್ ಹೆನ್ರಿ ಫೋಲಿಗೆ ಹೋಯಿತು. ಅವನೂ ಮುಗಿಸುವ ಮೊದಲೇ ತೀರಿಕೊಂಡ. ಪೂರೈಸಿದವನು ಶಿಷ್ಯ ಥಾಮಸ್ ಬ್ರಾಕ್. ಬೆಂಗಳೂರಿನ ಕಬ್ಬನ್ ಉದ್ಯಾನದ ವಿಕ್ಟೋರಿಯಾ ರಾಣಿಯ ಪ್ರತಿಮೆ ಇದೇ ಬ್ರಾಕ್‌ನದು.

ಭಾರತದ ಕಡೆಗೆ

ಮರೊಕೆಟ್ಟಿ ಭಾರತದ ನೆಲ ತುಳಿದವನಲ್ಲ. ಆದರೆ 1850ರ ನಂತರ ಭಾರತ ಅವನ ಕಾರ್ಯಶಾಲೆಗೆ ಮತ್ತೆಮತ್ತೆ ಬಂತು. ಮುಂಬೈಯ ಪಾರ್ಸಿ ದಾನಿ ಜಮ್‌ಶೆಟ್‌ಜಿ ಜೀಜೀಭಾಯಿಯ ಕುಳಿತ ಪ್ರತಿಮೆ ಅವನದು. ಅದು ಏಷ್ಯಾಟಿಕ್ ಸೊಸೈಟಿಯ ಟೌನ್‌ಹಾಲ್‌ನಲ್ಲಿದೆ. ಪ್ಲಾಸಿಯ ರಾಬರ್ಟ್ ಕ್ಲೈವ್‌ನ ಪ್ರತಿಮೆಯೂ ಅವನದು. ಅದು 1860ರಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿ ಪೇಟೆಯ ಚೌಕದಲ್ಲಿ ನಿಂತಿತು. ಕ್ಲೈವ್ ಸತ್ತು ಎಂಬತ್ತಾರು ವರ್ಷವಾದ ಮೇಲೆ ಅವನ ನೆನಪು ಬಂದದ್ದೇಕೆ? 1857ರ ದಂಗೆ ಆಗಷ್ಟೇ ಅಡಗಿತ್ತು. ಭಾರತ ಈಸ್ಟ್ ಇಂಡಿಯಾ ಕಂಪನಿಯ ಕೈಯಿಂದ ರಾಣಿಯ ಕೈಗೆ ಬಂದಿತ್ತು. ಅಲುಗಾಡಿದ ಆಳ್ವಿಕೆಗೆ ಹಳೆಯ ವೀರನೊಬ್ಬ ಬೇಕಾಗಿದ್ದ. ಪ್ರತಿಮೆ ನಿಂತ ವರ್ಷವನ್ನು ಓದಿದರೆ ಪೀಠದ ಮೇಲಿನ ಹೆಸರಿಗಿಂತ ಹೆಚ್ಚು ತಿಳಿಯುತ್ತದೆ.

ಅದೇ ದಂಗೆಯ ಇನ್ನೊಂದು ಸ್ಮಾರಕ ಕಾನ್ಪುರದಲ್ಲಿ. ಬೀಬಿಘರ್‌ನಲ್ಲಿ ಕೊಲೆಯಾದ ಬ್ರಿಟಿಷ್ ಹೆಂಗಸರು, ಮಕ್ಕಳ ದೇಹಗಳನ್ನು ಹಾಕಿದ್ದ ಬಾವಿಯ ಮೇಲೆ ಮರೊಕೆಟ್ಟಿಯ ಅಮೃತಶಿಲೆಯ ದೇವದೂತೆ ನಿಂತಳು. ರೆಕ್ಕೆ ಮಡಚಿ, ತೋಳು ಎದೆಯ ಮೇಲೆ ಅಡ್ಡಲಾಗಿಟ್ಟು, ತಲೆ ತಗ್ಗಿಸಿ ನಿಂತ ಆ ಮೂರ್ತಿಯಲ್ಲಿ ಸೇಡಿನ ಸುಳಿವಿಲ್ಲ. ಸುತ್ತಲಿನ ವ್ಯವಸ್ಥೆಯಲ್ಲಿ ಇತ್ತು: ಆ ಆವರಣಕ್ಕೆ ಭಾರತೀಯರು ಅನುಮತಿ ಇಲ್ಲದೆ ಕಾಲಿಡುವಂತಿರಲಿಲ್ಲ. ಸೇಡಿನ ದಂಡಿನ ಕೈಯಲ್ಲಿ ಸತ್ತ ಕಾನ್ಪುರದವರಿಗೆ ಅಲ್ಲಿ ಒಂದು ಅಕ್ಷರವೂ ಇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ದೇವದೂತೆಯನ್ನು ಅಲ್ಲಿನ ಚರ್ಚಿನ ಆವರಣಕ್ಕೆ ಸಾಗಿಸಿದರು. ಹಳೆಯ ಜಾಗ ಈಗ ನಾನಾರಾವ್ ಉದ್ಯಾನ. ಮೂರ್ತಿ ಉಳಿಯಿತು, ಬೇಲಿ ಹೋಯಿತು. ಇದಕ್ಕಿಂತ ಒಳ್ಳೆಯ ತೀರ್ಮಾನ ನನಗೆ ಹೊಳೆಯುವುದಿಲ್ಲ.

ಗೌರಮ್ಮ ಮತ್ತು ಕಬ್ಬನ್

ಈಗ ನಮ್ಮ ನಾಡಿನ ಇಬ್ಬರಿಗೆ ಬರುತ್ತೇನೆ. 1834ರಲ್ಲಿ ಕಂಪನಿ ಕೊಡಗನ್ನು ವಶಪಡಿಸಿಕೊಂಡು ದೊರೆ ಚಿಕ್ಕವೀರರಾಜೇಂದ್ರನನ್ನು ಕಾಶಿಗೆ ಕಳಿಸಿತು. ಮಾಸ್ತಿಯವರ ಕಾದಂಬರಿಯಿಂದಾಗಿ ಅವನ ಪತನದ ಕಥೆ ಕನ್ನಡಿಗರ ಮನೆಮಾತು. ಕಾಶಿಯಲ್ಲಿ ಹುಟ್ಟಿದ ಮಗಳು ಗೌರಮ್ಮನನ್ನು ಕರೆದುಕೊಂಡು ಅವನು 1852ರಲ್ಲಿ ಇಂಗ್ಲೆಂಡಿಗೆ ಹೋದ. ಹನ್ನೊಂದರ ಹುಡುಗಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನೇ ಕೊಟ್ಟಳು. ರಾಜ್ಯ ಕಳೆದುಕೊಂಡ ಇನ್ನೊಂದು ಮಗು, ಪಂಜಾಬಿನ ದುಲೀಪ್ ಸಿಂಗ್, ಎರಡು ವರ್ಷದ ಬಳಿಕ ಅದೇ ಅರಮನೆಗೆ ಬಂದ. ಇಬ್ಬರ ಎದೆಮಟ್ಟದ ಅಮೃತಶಿಲೆಯ ಮೂರ್ತಿಗಳನ್ನೂ ಮಾಡಿದವನು ಮರೊಕೆಟ್ಟಿ.

ಆ ಎರಡು ಮೂರ್ತಿಗಳ ವಿಶೇಷ ಬಣ್ಣ. ಬಿಳಿ ಕಲ್ಲಿಗೆ ಮೈಬಣ್ಣವನ್ನೂ ಉಡುಗೆಯ ಬಣ್ಣವನ್ನೂ ಲೇಪಿಸಲಾಗಿದೆ. ಶಿಲ್ಪವೆಂದರೆ ಶುಭ್ರ ಬಿಳುಪು ಎಂದು ನಂಬಿದ್ದ ಇಂಗ್ಲಿಷ್ ವಿಮರ್ಶಕರಿಗೆ ಇದು ಮೈಲಿಗೆ. ಗುಡಿಯ ಗೋಪುರ ನೋಡಿ ಬೆಳೆದ ನಮಗೆ ಶಿಲ್ಪಕ್ಕೆ ಬಣ್ಣ ಬಳಿಯುವುದರಲ್ಲಿ ಅಚ್ಚರಿ ಏನೂ ಇಲ್ಲ. ಆದರೂ ಕೇಳಬೇಕಾದ ಪ್ರಶ್ನೆ ಇದೆ. ಬಣ್ಣ ಬಳಿದದ್ದು ಆ ಮಕ್ಕಳ ಮೇಲಿನ ಗೌರವದಿಂದಲೋ, ಅವರ ಕಪ್ಪು ಮೈಯನ್ನು ಅರಮನೆಯ ವಿಚಿತ್ರ ವಸ್ತುವಾಗಿ ತೋರಿಸಲೋ? ಎರಡೂ ಸೇರಿರಬಹುದು. ಗೌರಮ್ಮ ಮದುವೆಯಾಗಿ, ಒಂದು ಹೆಣ್ಣುಮಗುವನ್ನು ಹೆತ್ತು, 1864ರಲ್ಲಿ ಕ್ಷಯದಿಂದ ತೀರಿಕೊಂಡಳು. ಅವಳ ಮೂರ್ತಿ ರಾಜಮನೆತನದ ಸಂಗ್ರಹದಲ್ಲಿದೆ. ಅವಳು ಹೊರಗಿನವಳು, ಅವಳನ್ನು ಕಡೆದವನೂ ಹೊರಗಿನವನು. ಆದರೆ ಒಬ್ಬ ಕೈಗಸುಬಿನಿಂದ ಅಲ್ಲಿ ನೆಲೆ ಕಂಡ. ಇನ್ನೊಬ್ಬಳಿಗೆ ಆಯ್ಕೆಯೇ ಇರಲಿಲ್ಲ. ವಲಸೆ ಎಂದು ಎರಡನ್ನೂ ಒಂದೇ ಗಂಟಿಗೆ ಕಟ್ಟಲಾಗದು.

ಕೊಡಗು ಹೋದ ಆ 1834ರಲ್ಲೇ ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆದ. ಕೊಡಗಿನ ಮೇಲ್ವಿಚಾರಣೆಯೂ ಅವನ ಪಾಲಿಗೆ ಬಂತು. 1861ರವರೆಗೆ ಆಳಿದ; ನಿವೃತ್ತನಾಗಿ ತನ್ನ ಐಲ್ ಆಫ್ ಮ್ಯಾನ್‌ಗೆ ಹೊರಟವನು ಸೂಯೆಜ್‌ನಲ್ಲಿ ತೀರಿಕೊಂಡ. ಅವನ ಸ್ಮರಣೆಗೆ ಕಂಚಿನ ಕುದುರೆ ಪ್ರತಿಮೆ ಮಾಡುವ ಕೆಲಸ ಲಂಡನ್ನಿನ ಮರೊಕೆಟ್ಟಿಗೆ ಹೋಯಿತು. ಹೀಗೆ, ರಾಜ್ಯ ಕಳೆದುಕೊಂಡ ಮನೆಯ ಮಗಳ ಮುಖವನ್ನು ಕಡೆದ ಕೈಯೇ ಆ ರಾಜ್ಯದ ಉಸ್ತುವಾರಿ ನೋಡಿಕೊಂಡವನ ಮುಖವನ್ನೂ ರೂಪಿಸಿತು. ಇದನ್ನು ಶಿಲ್ಪಿಯ ದ್ವಂದ್ವವೆಂದು ಬಣ್ಣಿಸಲು ಮನಸ್ಸು ಎಳೆಯುತ್ತದೆ. ಅವನ ಮಟ್ಟಿಗೆ ಇವು ಎರಡು ಕೆಲಸಗಳು, ಅಷ್ಟೆ. ದ್ವಂದ್ವ ಇರುವುದು ಅವೆರಡನ್ನೂ ಒಟ್ಟಿಗೆ ಓದಬೇಕಾದ ನಮ್ಮಲ್ಲಿ.

1866ರಲ್ಲಿ ಪ್ರತಿಮೆ ಬೆಂಗಳೂರಿನ ದಂಡಿನ ಪರೇಡ್ ಮೈದಾನದಲ್ಲಿ ನಿಂತಿತು. ಆಮೇಲೆ ಅಠಾರಾ ಕಚೇರಿಯ ಮುಂದಕ್ಕೆ ಬಂತು. ಕಚೇರಿ ಹೈಕೋರ್ಟ್ ಆಯಿತು, ಪ್ರತಿಮೆ ಅದರ ಆವರಣದಲ್ಲೇ ಉಳಿಯಿತು. ಅದನ್ನು ತೆಗೆಯಬೇಕೆಂಬ ಒತ್ತಾಯ ಬಹಳ ಕಾಲದಿಂದ ಇತ್ತು. 2020ರ ಜೂನ್‌ನಲ್ಲಿ ಅದನ್ನು ಕಬ್ಬನ್ ಉದ್ಯಾನದ ಬ್ಯಾಂಡ್‌ಸ್ಟ್ಯಾಂಡ್ ಬಳಿಗೆ ಸ್ಥಳಾಂತರಿಸಿದರು. ಅದೇ ವರ್ಷ ಶ್ರೂಸ್‌ಬರಿಯಲ್ಲಿ ಕ್ಲೈವ್‌ನನ್ನು ತೆಗೆಯಬೇಕೆಂದು ಸಾವಿರಾರು ಜನ ಮನವಿ ಸಲ್ಲಿಸಿದರು. ಅಲ್ಲಿನ ಕೌನ್ಸಿಲ್ ಉಳಿಸಿಕೊಳ್ಳಲು ತೀರ್ಮಾನಿಸಿತು.

ಪ್ರತಿಮೆಗಳ ವಲಸೆ

ಮರೊಕೆಟ್ಟಿಯಂತೆ ಅವನ ಪ್ರತಿಮೆಗಳೂ ವಲಸೆ ಹೋದವು. ಅಪಘಾತದಲ್ಲಿ ಸತ್ತ ಫ್ರಾನ್ಸಿನ ಯುವರಾಜ ಡ್ಯೂಕ್ ಆಫ್ ಓರ್ಲಿಯನ್ಸ್‌ನ ಎರಡು ಪ್ರತಿಮೆಗಳಲ್ಲಿ ಒಂದನ್ನು ಲೂವ್ರ್ ಅಂಗಳದಲ್ಲಿ, ಇನ್ನೊಂದನ್ನು ಅಲ್ಜೀರ್ಸ್‌ನಲ್ಲಿ ನಿಲ್ಲಿಸಿದ್ದರು. 1848ರ ಕ್ರಾಂತಿ ಮೊದಲನೆಯದನ್ನು ಕೆಳಗಿಳಿಸಿತು. ಅಲ್ಜೀರಿಯ ಸ್ವತಂತ್ರವಾದ ಮೇಲೆ ಎರಡನೆಯದು ಫ್ರಾನ್ಸಿಗೆ ಮರಳಿತು. ಗ್ಲಾಸ್ಗೊದ ವೆಲ್ಲಿಂಗ್ಟನ್ ಎಲ್ಲಿಗೂ ಹೋಗಲಿಲ್ಲ, ಆದರೆ 1980ರ ದಶಕದಿಂದ ಅವನ ತಲೆಯ ಮೇಲೆ ರಸ್ತೆಯ ಕಿತ್ತಳೆ ಶಂಕು ಏರಿ ಕುಳಿತಿದೆ. ತೆಗೆದಷ್ಟೂ ಪಡ್ಡೆ ಹುಡುಗರು ಮತ್ತೆ ಇಡುತ್ತಾರೆ. 2013ರಲ್ಲಿ ನಗರಸಭೆ ಪೀಠವನ್ನೇ ಎತ್ತರಿಸಲು ಹೊರಟಾಗ ಊರವರು ವಿರೋಧಿಸಿದರು, ಯೋಜನೆ ಬಿದ್ದುಹೋಯಿತು. ಒಂದು ಕಾಲದಲ್ಲಿ ಪರದೇಶಿ ಶಿಲ್ಪಿ ಬೇಡವೆಂದು ಜಗಳವಾಡಿದ ಊರು, ಆ ಪ್ರತಿಮೆಯನ್ನು ಶಂಕು ತೊಡಿಸಿ ತನ್ನದಾಗಿಸಿಕೊಂಡಿತು.

ಈ ಎಲ್ಲದರಿಂದ ಎರಡು ಮಾತು ಹೇಳಬಹುದು. ಮೊದಲನೆಯದು ಶಿಲ್ಪಿಯ ಬಗ್ಗೆ. ಮರೊಕೆಟ್ಟಿ ಸಾಮ್ರಾಜ್ಯಗಳಿಗೆ ದುಡಿದ, ಕೇಳಿದವರಿಗೆಲ್ಲ ಮಾಡಿಕೊಟ್ಟ. ಅವನನ್ನು ಸಂತನನ್ನಾಗಿ ಮಾಡಬೇಕಿಲ್ಲ. ಆದರೆ ಹಣ ಕೊಟ್ಟವನ ಆಸೆಯೊಳಗೇ ಅವನು ತನ್ನ ಮಾತೊಂದನ್ನು ಸೇರಿಸಬಲ್ಲವನಾಗಿದ್ದ. ಒರೆಗೆ ಸೇರುವ ಕತ್ತಿ, ಸೇಡಿಲ್ಲದ ದೇವದೂತೆ, ಬಣ್ಣ ಬಳಿದ ಗೌರಮ್ಮ, ಇವು ಅಂಥ ಮಾತುಗಳು. ಹೇಳಿ ಮಾಡಿಸಿದ ಕೆಲಸದಲ್ಲಿ ಕಲೆಗಾರನಿಗೆ ಸಿಗುವ ಜಾಗ ಇಷ್ಟೇ, ಮತ್ತು ಇಷ್ಟು ಸಣ್ಣದಲ್ಲ.

ಎರಡನೆಯದು ನಮ್ಮ ಬಗ್ಗೆ. ಪ್ರತಿಮೆ ಇಡಬೇಕೇ ತೆಗೆಯಬೇಕೇ ಎಂಬ ಜಗಳದಲ್ಲಿ ನಾವು ಪ್ರತಿಮೆಯಾದವರ ಗುಣದೋಷ ಮಾತ್ರ ಲೆಕ್ಕ ಹಾಕುತ್ತೇವೆ. ಹಣ ಕೊಟ್ಟವರು ಯಾರು, ಆ ವರ್ಷವೇ ಏಕೆ, ಮಾಡಿದವರು ಯಾರು, ಇಲ್ಲಿಗೆ ಮೊದಲು ಎಲ್ಲಿತ್ತು ಎಂಬ ನಾಲ್ಕು ವಿಷಯಗಳು ನಮ್ಮ ಬಹುಪಾಲು ಪ್ರತಿಮೆಗಳ ಬಳಿ ಸಿಗುವುದಿಲ್ಲ. ಬೆಂಗಳೂರು, ಮೈಸೂರು, ಧಾರವಾಡ, ಕಲಬುರಗಿ, ಯಾವ ಊರೇ ಆಗಲಿ, ನಗರಪಾಲಿಕೆಗಳು ಈ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಪ್ರತಿ ಪೀಠದ ಬಳಿ ಬರೆಸಲಿ. ಇಲ್ಲಿರುವ ಶಿಲ್ಪಕಲಾ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಒಂದೊಂದು ಪ್ರತಿಮೆಯ ಜಾತಕ ಕಲೆಹಾಕಲಿ. ಖರ್ಚು ಹೆಚ್ಚಿಲ್ಲ. ಆಮೇಲೆ ಪ್ರತಿಮೆ ಇಡುವವರೂ ತೆಗೆಯುವವರೂ ತಿಳಿದು ಜಗಳವಾಡಬಹುದು.